ಶಿವಮೊಗ್ಗದಿಂದ ಉಡುಪಿಗೆ ಆಗುಂಬೆಯ ಹಾದಿ: ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮಾರ್ಗವಾಗಿ ಉಡುಪಿಗೆ ಸುಮಾರು 150 ಕಿ.ಮೀ. ಎಲ್ಲಿಯೂ ನಿಲ್ಲದೆ ಹೋದರೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಮುಗಿಯುವ ಈ ಹಾದಿಗೆ ಒಂದಿಡೀ ಹಗಲನ್ನು ಎತ್ತಿಡಬೇಕು. ದೂರವನ್ನು ಲೆಕ್ಕ ಹಾಕಿ ಹೊರಡುವವರು ಇಲ್ಲಿ ಸಾಮಾನ್ಯವಾಗಿ ಎಡವುತ್ತಾರೆ. ಯಾವ ಜಾಗದಲ್ಲಿ ಎಷ್ಟು ಹೊತ್ತಿಗೆ ಇರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಬೆಳಗ್ಗೆ ಎಂಟರ ಹೊತ್ತಿಗೆ ಶಿವಮೊಗ್ಗ ಬಿಡುವುದು ಒಳ್ಳೆಯದು. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಹೋದರೆ ಸಕ್ರೆಬೈಲಿನ ಆನೆ ಬಿಡಾರ ಸಿಗುತ್ತದೆ. ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರು ಬೆಳಗ್ಗೆ ಕರೆತಂದು, ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮಲಗಿಸಿ ಮೈ ಉಜ್ಜುತ್ತಾರೆ. ಇದನ್ನು ನೋಡಬೇಕಾದರೆ ಎಂಟೂವರೆಯಿಂದ ಹನ್ನೊಂದರೊಳಗೆ ಅಲ್ಲಿರಬೇಕು. ಮಧ್ಯಾಹ್ನ ಹೋದವರಿಗೆ ಬಿಡಾರವಷ್ಟೇ ಕಾಣುತ್ತದೆ, ಆನೆಗಳು ಮತ್ತೆ ಕಾಡಿಗೆ ಹೊರಟುಹೋಗಿರುತ್ತವೆ. ಅಲ್ಲಿಂದ ಮುಂದಿನ ಮಂಡಗದ್ದೆಯಲ್ಲಿ ನಿಲ್ಲಬೇಕೋ ಬೇಡವೋ ಎಂಬುದು ತಿಂಗಳನ್ನು ಅವಲಂಬಿಸಿದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಮುಖ್ಯವಾಗಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಆಗ ಹೊಳೆ ತುಂಬಿ ಮರಗಳು ನೀರಿನಲ್ಲಿ ಅರ್ಧ ಮುಳುಗಿರುತ್ತವೆ, ಮೇಲಿನ ಅರ್ಧ ಹಕ್ಕಿಗಳಿಂದ ಬೆಳ್ಳಗಾಗಿರುತ್ತದೆ. ಬೇಸಿಗೆಯಲ್ಲಾದರೆ ಇಲ್ಲಿ ಇಳಿಯದೆ ಮುಂದೆ ಹೋಗಬಹುದು.

ತೀರ್ಥಹಳ್ಳಿಯಲ್ಲಿ ಮಾಡಲೇಬೇಕಾದ ಕೆಲಸಗಳು ಮೂರು. ಟ್ಯಾಂಕ್ ತುಂಬಿಸಿಕೊಳ್ಳಬೇಕು, ಚಕ್ರಗಳ ಗಾಳಿ ನೋಡಿಸಬೇಕು, ಹೊಟ್ಟೆಗೆ ಗಟ್ಟಿಯಾಗಿ ಏನಾದರೂ ಹಾಕಿಕೊಳ್ಳಬೇಕು. ಕಡುಬು ಅಥವಾ ಅಕ್ಕಿರೊಟ್ಟಿ ಸಿಗುವ ಸಣ್ಣ ಹೋಟೆಲು ಕಂಡರೆ ಬೇರೆ ತಿಂಡಿಯ ಯೋಚನೆ ಬಿಟ್ಟುಬಿಡಿ. ಇಡ್ಲಿ ಉಡುಪಿಯಲ್ಲಿ ಹೇಗೂ ಸಿಗುತ್ತದೆ. ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳುವುದೂ ಇಲ್ಲಿಯೇ ಆಗಬೇಕು, ಏಕೆಂದರೆ ಮುಂದಿನ ಕಾಡಿನಲ್ಲಿ ನೆಟ್‌ವರ್ಕ್ ನಂಬಿಕೊಂಡು ಹೋಗುವಂತಿಲ್ಲ.

ಕೊಪ್ಪದ ರಸ್ತೆಯಲ್ಲಿರುವ ಕುಪ್ಪಳಿಗೆ ಹೋಗಿಬರುವ ಆಸೆಯಿದ್ದರೆ ಎರಡು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಕುವೆಂಪು ಅವರ ಕವಿಮನೆಯನ್ನು ಅವಸರದಲ್ಲಿ ಸುತ್ತಿ, ಕವಿಶೈಲಕ್ಕೆ ಹತ್ತದೆ ಹಿಂದಿರುಗುವವರನ್ನು ನೋಡಿದ್ದೇನೆ. ಹಾಗೆ ಮಾಡುವುದಕ್ಕಿಂತ ಅದನ್ನು ಇನ್ನೊಂದು ಪ್ರವಾಸಕ್ಕೆ ಉಳಿಸಿಕೊಳ್ಳುವುದೇ ಮೇಲು.

ತೀರ್ಥಹಳ್ಳಿಯಿಂದ ಆಗುಂಬೆಗೆ ಅಡಿಕೆ ತೋಟ, ಗದ್ದೆ, ಕಾಡು ಒಂದರ ಬೆನ್ನಿಗೊಂದು ಬರುವ ರಸ್ತೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಬರುತ್ತದೆ. ಆ ತಿಂಗಳುಗಳಲ್ಲಿ ರಸ್ತೆ ಬಿಟ್ಟು ಕಾಲುದಾರಿಗೆ ಇಳಿಯುವವರು ಇಂಬಳಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಒದ್ದೆ ಬಟ್ಟೆಯ ತುಂಡೊಂದರಲ್ಲಿ ಉಪ್ಪು ಕಟ್ಟಿಟ್ಟುಕೊಂಡು, ಕಾಲಿಗೆ ಹತ್ತಿದ ಇಂಬಳಕ್ಕೆ ಅದನ್ನು ಮುಟ್ಟಿಸಿದರೆ ಸುರುಟಿಕೊಂಡು ತಾನೇ ಉದುರುತ್ತದೆ. ಎಳೆದು ಕಿತ್ತರೆ ತುರಿಕೆ ವಾರಗಟ್ಟಲೆ ಉಳಿಯುತ್ತದೆ. ಕಾರಿಗೆ ಹತ್ತುವ ಮುನ್ನ ಬೆರಳ ಸಂದುಗಳನ್ನು ನೋಡಿಕೊಳ್ಳುವುದನ್ನು ಮರೆಯಬಾರದು.

ಇನ್ನು ಘಾಟಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಸುಮಾರು ಹತ್ತು ಕಿ.ಮೀ. ರಸ್ತೆಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ಭಾರಿ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ, ಮಿನಿ ಬಸ್ಸುಗಳಷ್ಟೇ ಓಡಾಡುತ್ತವೆ. ಆದ್ದರಿಂದ ದೊಡ್ಡ ಬಸ್ಸು ಮಾಡಿಕೊಂಡು ಬರುವ ತಂಡಗಳು ಬೇರೆ ಹಾದಿ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಮಣ್ಣು ಕುಸಿದಾಗ ಜಿಲ್ಲಾಡಳಿತ ಸಂಚಾರವನ್ನೇ ನಿಲ್ಲಿಸುವುದೂ ಉಂಟು. ತೀರ್ಥಹಳ್ಳಿಯಲ್ಲೇ ವಿಚಾರಿಸಿದರೆ, ಮಾಸ್ತಿಕಟ್ಟೆಯ ಕಡೆಯಿಂದ ಹುಲಿಕಲ್ ಘಾಟಿಯಲ್ಲಿ ಇಳಿದು ಸಿದ್ದಾಪುರ ಸೇರಲು ಅವಕಾಶವಿದೆಯೇ ಎಂಬುದೂ ತಿಳಿಯುತ್ತದೆ. ಆ ಘಾಟಿಯ ನಡುವೆ ಚಂಡಿಕಾಂಬೆಯ ಗುಡಿಯಿದೆ. ಅಲ್ಲಿ ಗಾಡಿ ನಿಲ್ಲಿಸಿ ಕೈಮುಗಿದು ಹೋಗುವುದು ಚಾಲಕರ ವಾಡಿಕೆ. ಬ್ರೇಕಿಗೆ ಹತ್ತು ನಿಮಿಷ ವಿರಾಮ ಸಿಗುವುದೂ ಹಾಗೆಯೇ.

ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಇರಬೇಕು, ಬಿಗಿಯಾದ ತಿರುವಿನಲ್ಲಿ ಮೊದಲನೆಯದಕ್ಕೂ ಬರಬೇಕಾದೀತು. ಬ್ರೇಕಿನ ಮೇಲೆ ಕಾಲು ಇಟ್ಟೇ ಇಳಿದರೆ ಏನಾಗುತ್ತದೆ ಎಂಬುದನ್ನು ನಾನು ಮೊದಲ ಸಲ ಇಲ್ಲಿ ಕಾರು ಓಡಿಸಿದಾಗಲೇ ಕಲಿತೆ: ಎಂಟನೆಯದೋ ಒಂಬತ್ತನೆಯದೋ ತಿರುವಿನಲ್ಲಿ ಸುಟ್ಟ ರಬ್ಬರಿನಂಥ ಘಾಟು ಒಳಗೆ ಬಂತು, ಪೆಡಲ್ ಮೆತ್ತಗಾಯಿತು. ಗಾಡಿಯನ್ನು ಅಗಲವಾದ ಅಂಚಿಗೆ ತಂದು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಕೂರಬೇಕಾಯಿತು. ಹಾಗೆ ಕಾದ ಡಿಸ್ಕಿಗೆ ನೀರು ಸುರಿಯಬಾರದು, ಅದು ಸೊಟ್ಟಗಾಗುವ ಅಪಾಯವಿದೆ. ಪ್ರತಿ ತಿರುವಿಗೂ ಮುನ್ನ ಹಾರ್ನ್ ಮಾಡಬೇಕು, ಹತ್ತಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು. ಮಂಗಗಳಿಗೆ ತಿಂಡಿ ಎಸೆಯುವವರ ದೆಸೆಯಿಂದ ಅವು ತಿರುವಿನಲ್ಲೇ ಕೂತು ಕಾಯುವುದನ್ನು ಕಲಿತಿವೆ. ದಯವಿಟ್ಟು ಆ ಸಾಲಿಗೆ ಸೇರಬೇಡಿ.

ಸೋಮೇಶ್ವರ ತಲುಪಿದೊಡನೆ ಸೆಕೆ ಮೈಗೆ ಅಂಟುತ್ತದೆ. ಹೆಬ್ರಿಯಲ್ಲಿ ಊಟ ಮುಗಿಸಿ, ಸಮಯವಿದ್ದರೆ ಕಾರ್ಕಳದ ದಿಕ್ಕಿಗೆ ಸ್ವಲ್ಪ ದೂರ ಹೋಗಿ ವರಂಗದ ಕೆರೆ ಬಸದಿಯನ್ನು ನೋಡಬಹುದು. ಬಸದಿ ಕೆರೆಯ ನಡುವೆ ಇರುವುದರಿಂದ ದೋಣಿಯಲ್ಲೇ ಹೋಗಬೇಕು. ಹೆಬ್ರಿಯಿಂದ ಉಡುಪಿಗೆ ಒಂದು ಗಂಟೆ ಸಾಕು.

ಆಗುಂಬೆಯ ಸೂರ್ಯಾಸ್ತದ ಮಾತನ್ನು ಇಷ್ಟು ಹೊತ್ತು ಬೇಕೆಂದೇ ಎತ್ತಲಿಲ್ಲ. ಇಳಿಯುವ ದಿನ ಅದಕ್ಕಾಗಿ ಕಾದರೆ ಘಾಟಿಯನ್ನು ಕತ್ತಲಲ್ಲಿ ಇಳಿಯಬೇಕಾಗುತ್ತದೆ, ಅದು ಬೇಡ. ಹಿಂದಿರುಗುವ ದಿನ ನಾಲ್ಕು ಗಂಟೆಗೆ ಹೆಬ್ರಿ ಬಿಟ್ಟು ಮೇಲೆ ಬನ್ನಿ. ನೋಟದ ಕಟ್ಟೆ ಊರಿಗೆ ಹತ್ತಿರದಲ್ಲೇ ಇರುವುದರಿಂದ, ಸೂರ್ಯ ಮುಳುಗಿದ ಮೇಲೆ ಉಳಿಯುವ ದಾರಿ ಕೆಲವೇ ನಿಮಿಷಗಳದು. ಆ ರಾತ್ರಿಯ ತಂಗುವಿಕೆಯನ್ನು ಆಗುಂಬೆಯಲ್ಲೇ ಗೊತ್ತುಮಾಡಿಟ್ಟಿರಿ. ನವೆಂಬರ್‌ನಿಂದ ಜನವರಿಯವರೆಗೆ ಆಕಾಶ ತಿಳಿಯಾಗಿದ್ದರೆ ದೂರದ ಅರಬ್ಬೀ ಸಮುದ್ರದ ಅಂಚು ಕಾಣುತ್ತದೆ. ಜುಲೈಯಲ್ಲಿ ಹೋದರೆ ಎದುರಿಗಿರುವ ಕಂಬಿಯೂ ಮಂಜಿನಲ್ಲಿ ಕಾಣುವುದಿಲ್ಲ, ಆಗ ನೇರವಾಗಿ ಊರಿಗೆ ಹೋಗಿ ಬಿಸಿ ಕಷಾಯ ಕುಡಿಯುವುದೇ ಜಾಣತನ.