40 ಪರ್ಸೆಂಟ್ ರಾಗಿ, ಸಂಕ್ರಾಂತಿಗೆ ಟ್ಯಾಪ್: ನನ್ನ ಅನುಭವ

ರಾಗಿ ಬಿಯರ್ ಅಂದ ಕೂಡಲೇ ಬಿಯರ್ ಮಾಡುವ ನಮ್ಮ ಲೈನಿನವರು ನಗುತ್ತಾರೆ. ಯಾಕೆ ಅಂತ ನಿಮಗೂ ಗೊತ್ತು. ಬೋರ್ಡಿನ ಮೇಲೆ ರಾಗಿ ಅಂತ ದೊಡ್ಡದಾಗಿ ಬರೆದು, ಬಿಸಿನೀರಲ್ಲಿ ಕಲಸಿದ ಕಾಳಿಗೆ, ಅಂದರೆ ಮ್ಯಾಶ್‌ಗೆ 5 ಪರ್ಸೆಂಟ್ ಹಿಟ್ಟು ಉದುರಿಸುತ್ತಾರೆ. ಉಳಿದಿದ್ದೆಲ್ಲ ಅದೇ ಬಾರ್ಲಿ. ಕುಡಿದವರಿಗೆ ರಾಗಿ ಎಲ್ಲಿದೆ ಅಂತ ಹುಡುಕಿದರೂ ಸಿಗಲ್ಲ. ನಾನು 40 ಪರ್ಸೆಂಟ್ ಹಾಕುತ್ತೇನೆ ಅಂದಾಗ ನಮ್ಮ ಓನರ್ "ಮುದ್ದೆ ಮಾಡ್ತೀರೋ ಬಿಯರ್ ಮಾಡ್ತೀರೋ ಸಾರ್?" ಅಂದರು. ಬೇರೆ ಬ್ರೂವರಿಯಲ್ಲಿರುವ ಹಳೇ ಗೆಳೆಯನೊಬ್ಬ 15 ಪರ್ಸೆಂಟ್ ದಾಟಿದರೆ ಲಾಟರ್ (ಮ್ಯಾಶ್ ಸೋಸಿ ಸಿಹಿ ರಸ ಬಸಿಯುವುದು) ಆಗಲ್ಲ ಅಂತ ಬಾಜಿ ಕಟ್ಟಿದ್ದ. ಊಟದ ಬಾಜಿ. ಇನ್ನೂ ಕೊಡಿಸಿಲ್ಲ.

ಸೀಸನ್ ಆರಿಸಿದ್ದರ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ಅರ್ಧ ಗೆಲುವು ಅಲ್ಲೇ ಇದೆ. ಬೆಂಗಳೂರಲ್ಲಿ ಸೆಪ್ಟೆಂಬರ್ ಕೊನೆ ಬಂತೆಂದರೆ ಎಲ್ಲರಿಗೂ ಅಕ್ಟೋಬರ್‌ಫೆಸ್ಟ್. ಮ್ಯೂನಿಕ್‌ನಲ್ಲಿ ಆ ಹಬ್ಬದಲ್ಲಿ ಬಿಯರ್ ಹಾಕಲು ಆ ಊರಿನ ಆರೇ ಬ್ರೂವರಿಗಳಿಗೆ ಅವಕಾಶ. ನಮ್ಮಲ್ಲಿ ರೋಡಿಗೊಂದು ಟೆಂಟು, ಅದೇ ನೀಲಿ ಬಿಳಿ ಬಾವುಟ, ಅದೇ ಪ್ರೆಟ್ಜೆಲ್. ನಾವೂ ಕೆಲವು ವರ್ಷ ಆ ಹಬ್ಬದ ಬಿಯರಾದ ಮಾರ್ಜೆನ್ ಮಾಡಿದೆವು. ಅದು ಲಾಗರ್, ಅಂದರೆ ತಣ್ಣಗೆ ನಿಧಾನಕ್ಕೆ ಹುದುಗುವ ಬಿಯರ್, ಸರಿಯಾಗಿ ಮಾಡಿದರೆ ಟ್ಯಾಂಕನ್ನು ಆರು ವಾರ ಹಿಡಿದು ಕೂರುತ್ತದೆ. ಆಗ ನಮ್ಮ ಹತ್ತಿರ ಇದ್ದದ್ದೇ ಆರು ಟ್ಯಾಂಕು. ಅಷ್ಟು ಹೊತ್ತಿನಲ್ಲಿ ಅದೇ ಟ್ಯಾಂಕಲ್ಲಿ ಎರಡು ಮೂರು ವೀಟ್ (ಗೋಧಿ) ಬಿಯರ್ ಇಳಿಸಬಹುದಿತ್ತು. ಇಷ್ಟೆಲ್ಲ ಮಾಡಿ ಹಬ್ಬದ ವಾರ ನೋಡಿದರೆ, ಪಕ್ಕದ ರೋಡಲ್ಲಿ ನಮಗಿಂತ ಕಡಿಮೆ ರೇಟಿಗೆ ಅದನ್ನೇ ಕೊಡುತ್ತಿರುತ್ತಾರೆ.

ಜನವರಿ ಹಾಗಲ್ಲ. ಹೊಸ ವರ್ಷದ ಗಲಾಟೆ ಮುಗಿದ ಮೇಲೆ ವ್ಯಾಪಾರ ಧೊಪ್ಪಂತ ಬೀಳುತ್ತದೆ. ಟ್ಯಾಂಕ್ ಖಾಲಿ, ಟೇಬಲ್ ಖಾಲಿ. ರಾಗಿ ಕೊಯ್ಲು ನವೆಂಬರ್ ಡಿಸೆಂಬರಲ್ಲಿ, ಹೊಸ ಕಾಳು ಅದೇ ಹೊತ್ತಿಗೆ ಕೈಗೆ ಬರುತ್ತದೆ. ರಾತ್ರಿ ಹೊರಗೆ 15-16 ಡಿಗ್ರಿಗೆ ಇಳಿಯುವುದರಿಂದ ಟ್ಯಾಂಕ್ ತಣ್ಣಗಿಡುವ ಗ್ಲೈಕಾಲ್ ಚಿಲ್ಲರ್ ಮೇಲೆ ಹೊರೆ ಕಡಿಮೆ. ಕರೆಂಟ್ ಬಿಲ್ಲಲ್ಲೇ ಅದು ಕಾಣುತ್ತದೆ. ಜೊತೆಗೆ ಅವರೆಕಾಯಿ ಕಾಲ. ಎಲ್ಲ ಸೇರಿ ಸಂಕ್ರಾಂತಿ ಅಂತ ತೀರ್ಮಾನ ಆಯಿತು.

ಈಗ ರಾಗಿ. ಬಾರ್ಲಿಗೆ ಅಂತ ಇಟ್ಟ ಮಿಲ್ ಗ್ಯಾಪಲ್ಲಿ (ಕಾಳು ಒಡೆಯುವ ರೋಲರ್ ನಡುವಿನ ಸಂದಿಯಲ್ಲಿ) ರಾಗಿ ಹಾಕಿದರೆ ಅರ್ಧಕ್ಕರ್ಧ ಕಾಳು ಹಾಗೇ ಕೆಳಗೆ ಬೀಳುತ್ತದೆ. ಅಷ್ಟು ಸಣ್ಣದು ಅದು. ಗ್ಯಾಪ್ ಬಿಗಿ ಮಾಡಿದರೆ ರೋಲರ್ ಕಿರುಗುಟ್ಟುತ್ತದೆ. ಕೊನೆಗೆ ಏರಿಯಾದ ಹಿಟ್ಟಿನ ಗಿರಣಿಗೇ ಹೋದೆ. ಗಿರಣಿಯವರಿಗೆ ರವೆ ಥರ ಒಡೆದುಕೊಡಿ ಅಂದರೆ ಅರ್ಥವೇ ಆಗಲಿಲ್ಲ. "ರಾಗಿ ಯಾರಾದ್ರೂ ರವೆ ಮಾಡಿಸ್ತಾರಾ ಸ್ವಾಮಿ, ಹಿಟ್ಟು ಮಾಡ್ಕೊಡ್ತೀನಿ ತಗೊಂಡು ಹೋಗಿ" ಅಂದರು. ಹಿಟ್ಟೇ ತಂದೆ. ಅದರಿಂದಲೇ ಮೊದಲ ಬ್ಯಾಚ್ ಕೆಟ್ಟಿದ್ದು.

ನಮ್ಮದು 500 ಲೀಟರ್ ಸಿಸ್ಟಮ್. ಒಟ್ಟು ಕಾಳು ಸುಮಾರು 110 ಕೆಜಿ, ಅದರಲ್ಲಿ ರಾಗಿ 44-45 ಕೆಜಿ. ಹಿಟ್ಟನ್ನು ನೇರವಾಗಿ 66 ಡಿಗ್ರಿ ಮ್ಯಾಶ್‌ಗೆ ಕಲಸಿದೆವು. ಒಂದೂವರೆ ಗಂಟೆ ಬಿಟ್ಟು ಅಯೋಡಿನ್ ಹಾಕಿದರೆ ಕಡು ನೀಲಿ, ಅಂದರೆ ಪಿಷ್ಟ ಇನ್ನೂ ಸಕ್ಕರೆಯಾಗಿಲ್ಲ. ಇನ್ನೊಂದು ಗಂಟೆ ಕಾದರೂ ನೀಲಿಯೇ. ಬಾರ್ಲಿ ಪಿಷ್ಟ ಬೇಯುವ ಬಿಸಿಗೆ ರಾಗಿ ಪಿಷ್ಟ ಪೂರ್ತಿ ಬೇಯಲ್ಲ. ಬೇಯದಿದ್ದರೆ ಪಿಷ್ಟವನ್ನು ಸಕ್ಕರೆ ಮಾಡುವ ಎನ್‌ಜೈಮ್‌ಗೆ ಅದು ಸಿಗುವುದೇ ಇಲ್ಲ. ಇನ್ನು ಲಾಟರ್ ಅಂತೂ ಕೇಳಬೇಡಿ. ತಳದ ಜಾಲರಿ ಮೇಲೆ ಹಿಟ್ಟೆಲ್ಲ ಮೆತ್ತಿಕೊಂಡು ಸಿಮೆಂಟ್ ಆಯಿತು. ಪಂಪ್ ಉಲ್ಟಾ ಓಡಿಸಿದೆವು, ಕೆಳಗಿಂದ ನೀರು ಕೊಟ್ಟೆವು, ನಮ್ಮ ಹುಡುಗ ಹುಟ್ಟು ಹಿಡಿದು ರಾತ್ರಿ ಹನ್ನೊಂದರ ತನಕ ಗೂರಾಡಿದ. ಆಮೇಲೆ ಅರ್ಧ ಮ್ಯಾಶ್ ಹಾಗೇ ಬಿಟ್ಟು ಮನೆಗೆ ಹೋದೆವು.

ಬೆಳಿಗ್ಗೆ ಬಂದು ನೋಡಿದರೆ ಬಿಸಿ 40ರ ಹತ್ತಿರಕ್ಕೆ ಇಳಿದಿತ್ತು. ಮುಚ್ಚಳ ತೆಗೆದರೆ ಹುಳಿ ಅಂಬಲಿ ವಾಸನೆ. ಕಾಳಿನ ಮೇಲೆ ಇರುವ ಲ್ಯಾಕ್ಟೋಬ್ಯಾಸಿಲಸ್‌ಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಬೇಕಾ? ಹುಡುಗ "ಚೆಲ್ಲೋಣ ಅಣ್ಣಾ" ಅಂದ. ನಾನು ಬೇಡ ಅಂದೆ. ಬಂದಷ್ಟು ವರ್ಟ್ (ಮ್ಯಾಶ್‌ನ ಸಿಹಿ ರಸ) ಬಸಿದು, ಕುದಿಸಿ, ಕಹಿ ಕೊಡುವ ಹಾಪ್ಸ್ ಹೂವನ್ನು ಲೆಕ್ಕಕ್ಕೆ ಮಾತ್ರ ಹಾಕಿ, ಈಸ್ಟ್ ಕೊಟ್ಟೆವು. 180 ಲೀಟರ್ ಸಿಕ್ಕಿರಬೇಕು. ಸ್ವಲ್ಪ ಉಪ್ಪು, ಜೀರಿಗೆ ಬಿದ್ದ ಮೇಲೆ ಅದು ಅಂಬಲಿ ಸೋರ್ (ಹುಳಿ ಬಿಯರ್) ಅಂತ ಬೋರ್ಡಿಗೆ ಹೋಯಿತು. ಈಗಲೂ ಇಬ್ಬರು ಮೂವರು ಗಿರಾಕಿಗಳು ಅದೇ ಬೇಕು ಅಂತ ಕೇಳುತ್ತಾರೆ. ಅದನ್ನು ಮತ್ತೆ ಮಾಡಲು ಹೋಗಿ ಎರಡು ಸಲ ವಾಂತಿ ವಾಸನೆ ಬಂದಿದೆ. ಆ ಕಥೆ ಬೇಡ ಬಿಡಿ.

ಆಮೇಲಿನ ಬ್ಯಾಚಿಗೆ ರಾಗಿಯನ್ನು ಬೇರೆ ಬೇಯಿಸಲು ಹೊರಟೆವು. ಐಡಿಯಾ ಸರಿ, ಅಳತೆ ಸಾಲದು. ಕೆಜಿಗೆ ಎರಡೂವರೆ ಲೀಟರ್ ನೀರು ಇಟ್ಟಿದ್ದೆವು. ಕುದಿ ಬರುವ ಮೊದಲೇ ಕೆಟಲ್‌ನಲ್ಲಿ ಅಪ್ಪಟ ಮುದ್ದೆ ತಯಾರು. ತಳ ಹಿಡಿದು ಸೀದು ಹೋಯಿತು. ಆ ಸೀದ ವಾಸನೆ ಬಿಯರಿಗೂ ಬಂತು, 500 ಲೀಟರ್ ಮೋರಿಗೆ ಹೋಯಿತು. ಮಾಲ್ಟು (ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ), ಹಾಪ್ಸು, ಈಸ್ಟು, ಗ್ಯಾಸು ಎಲ್ಲ ಸೇರಿ 30 ಸಾವಿರದ ಆಸುಪಾಸು ಕೈಬಿಟ್ಟಿತು. ಓನರ್ ಮಾತ್ರ ಗ್ಲಾಸಿನ ಲೆಕ್ಕ ಹಾಕಿ ಮೂರು ಲಕ್ಷ ಹೋಯಿತು ಅಂತ ಊರೆಲ್ಲ ಹೇಳಿಕೊಂಡು ಬಂದರು. ಅವರ ಲೆಕ್ಕವೂ ಸುಳ್ಳಲ್ಲ ಬಿಡಿ, ಮಾರಿದ್ದರೆ ಅಷ್ಟು ಆಗುತ್ತಿತ್ತು.

ಈಗ ಮಾಡುವುದು ಹೀಗೆ. ರಾಗಿಯಲ್ಲಿ ಅರ್ಧ ಹಸಿ, ಅರ್ಧ ಮೊಳಕೆ ಕಟ್ಟಿದ್ದು. ಹಸಿ ರಾಗಿ 22 ಕೆಜಿಯನ್ನು ರವೆಯಾಗಿ ಒಡೆಸಿ (ಗಿರಣಿಯವರು ಈಗ ಪಳಗಿದ್ದಾರೆ), ಅದಕ್ಕೆ ಎರಡು ಮೂರು ಕೆಜಿ ಬಾರ್ಲಿ ಮಾಲ್ಟ್ ಸೇರಿಸಿ, 100 ಲೀಟರ್ ನೀರಲ್ಲಿ 70 ಡಿಗ್ರಿಯಲ್ಲಿ ಕಾಲು ಗಂಟೆ ನಿಲ್ಲಿಸುತ್ತೇವೆ. ಆ ಕಾಲು ಗಂಟೆಯಲ್ಲಿ ಗಂಜಿ ತೆಳ್ಳಗಾಗುವುದು ಕಣ್ಣಿಗೆ ಕಾಣುತ್ತದೆ. ಆಮೇಲೆ ಕುದಿ, ಅರ್ಧ ಗಂಟೆ, ತಿರುವುತ್ತಲೇ ಇರಬೇಕು. ಪಕ್ಕದಲ್ಲಿ ಬಾರ್ಲಿ ಮಾಲ್ಟು, ರಾಗಿ ಮಾಲ್ಟು ಎರಡೂ 54ರಲ್ಲಿ ಕೂತಿರುತ್ತವೆ, ನೀರು ಸುಮಾರು 260 ಲೀಟರ್. ಕುದಿಯುವ ಗಂಜಿಯನ್ನು ಅದಕ್ಕೆ ಸುರಿದರೆ ಬಿಸಿ ತಾನಾಗಿ 65-66ಕ್ಕೆ ಬಂದು ನಿಲ್ಲುತ್ತದೆ. ಒಂದೆರಡು ಡಿಗ್ರಿ ಆಚೀಚೆ ಆಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಒಂದು ಗಂಟೆ ಬಿಟ್ಟು 72 ಡಿಗ್ರಿಗೆ ಏರಿಸುತ್ತೇವೆ. ಅಯೋಡಿನ್ ಬಣ್ಣ ಬದಲಾಗದೆ ನಿಂತ ದಿನ ನಾನು ಆ ಬಿಳಿ ತಟ್ಟೆಯ ಫೋಟೋ ತೆಗೆದು ಬಾಜಿ ಕಟ್ಟಿದವನಿಗೆ ಕಳಿಸಿದೆ.

ಲಾಟರ್‌ಗೆ ಮದ್ದು ಭತ್ತದ ಹೊಟ್ಟು. ಮಂಡ್ಯ ಕಡೆ ರೈಸ್ ಮಿಲ್ಲಲ್ಲಿ ಮೂಟೆಗಟ್ಟಲೆ ಪುಕ್ಕಟೆಯ ಹಾಗೆ ಸಿಗುತ್ತದೆ, ಸಾಗಣೆಯೇ ಖರ್ಚು. ಐದಾರು ಕೆಜಿ ಸಾಕು. ಬಿಸಿ ನೀರಲ್ಲಿ ಮೂರು ಸಲ ತೊಳೆಯದೆ ಹಾಕಬೇಡಿ, ಧೂಳಿನ ರುಚಿ ಬರುತ್ತದೆ. ಸ್ಪಾರ್ಜ್ (ಉಳಿದ ಸಿಹಿಗಾಗಿ ಕಾಳಿನ ಮೇಲೆ ಬಿಸಿನೀರು ಹಾಯಿಸುವುದು) ಆಸೆಪಟ್ಟು ಎಳೆಯಬಾರದು. ರಾಗಿ ಸಿಪ್ಪೆಯಲ್ಲಿ ಒಗರು ಜಾಸ್ತಿ. ಕೊನೆಯ 50 ಲೀಟರ್ ಆಸೆಗೆ ಬಿದ್ದರೆ ನಾಲಿಗೆ ಎಳೆದುಕೊಳ್ಳುತ್ತದೆ. ನನ್ನ ಎಫಿಷಿಯೆನ್ಸಿ (ಕಾಳಿನಿಂದ ಸಿಗಬಹುದಾದ ಸಕ್ಕರೆಯಲ್ಲಿ ಕೈಗೆ ಬರುವ ಪಾಲು) 65 ಪರ್ಸೆಂಟ್ ದಾಟಲ್ಲ. ಬಾರ್ಲಿಯಲ್ಲಿ 78 ತೆಗೆಯುವವರು ಇದನ್ನು ಕೇಳಿ ನಗಬಹುದು, ನಗಲಿ.

ಮೊಳಕೆಯ ವಿಷಯಕ್ಕೆ ಬಂದರೆ, ನಮ್ಮ ಮನೆಗಳಲ್ಲಿ ಮಕ್ಕಳಿಗೆ ರಾಗಿ ಮಾಲ್ಟ್ ಮಾಡುವ ಕ್ರಮವೇ. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಎರಡು ಮೂರು ದಿನ. ಸಮಸ್ಯೆ ಇದ್ದದ್ದು ಒಣಗಿಸುವುದರಲ್ಲಿ. ಮೊದಲ ವರ್ಷ ಟೆರೇಸ್ ಮೇಲೆ ಹರಡಿದೆವು. ಬಂಗಾಳ ಕೊಲ್ಲಿಯಲ್ಲಿ ಏನೋ ವಾಯುಭಾರ ಕುಸಿತ ಅಂತ ನಾಲ್ಕು ದಿನ ಮೋಡ, ಸೋನೆ ಮಳೆ. ರಾಗಿಗೆ ಬೂಷ್ಟು ಬಂತು. ಅಷ್ಟೂ ಪಕ್ಕದ ಹಸುಗಳಿಗೂ ಕೊಡದೆ ಗುಂಡಿಗೆ ಹಾಕಿದೆವು. ಈಗ ಸೊಪ್ಪು ಒಣಗಿಸುವವರೊಬ್ಬರ ಡ್ರೈಯರ್ ಬಾಡಿಗೆಗೆ ಹಿಡಿದಿದ್ದೇವೆ. 50 ಡಿಗ್ರಿ ದಾಟಿಸಲ್ಲ, ಎನ್‌ಜೈಮ್ ಸತ್ತರೆ ಮೊಳಕೆ ಕಟ್ಟಿದ್ದೇ ದಂಡ. ಒಣಗಿದ ಮೇಲೆ ಗೋಣಿಯಲ್ಲಿ ಹಾಕಿ ತಿಕ್ಕಿದರೆ ಮೊಳಕೆಯ ಬೇರುಗಳೆಲ್ಲ ಉದುರುತ್ತವೆ.

ಇದಲ್ಲದೆ ಸ್ವಲ್ಪ ರಾಗಿ ಹುರಿಯುತ್ತೇವೆ. ಬಾಯಿಗಿಟ್ಟ ತಕ್ಷಣ "ಓ, ಹುರಿಹಿಟ್ಟು!" ಅನ್ನಿಸುವುದು ಅದರಿಂದಲೇ. ಎಷ್ಟು ಹುರಿಯಬೇಕು, ಯಾವ ಹಂತದಲ್ಲಿ ಹಾಕಬೇಕು ಅನ್ನುವುದನ್ನು ಇಲ್ಲಿ ಬರೆಯಲ್ಲ. ಹಾಪ್ಸ್ ಯಾವುದು ಅಂತಲೂ ಹೇಳಲ್ಲ, ಕಹಿ 18 ಐಬಿಯು (ಬಿಯರಿನ ಕಹಿಯ ಅಳತೆ) ಸುತ್ತ ಇರಲಿ ಅಂತ ಮಾತ್ರ ಹೇಳುತ್ತೇನೆ. ಈಸ್ಟ್ ಯುಎಸ್-05, 18 ಡಿಗ್ರಿ, ಅದರಲ್ಲಿ ಗುಟ್ಟೇನಿಲ್ಲ. ರಾಗಿಯಲ್ಲಿ ಪ್ರೋಟೀನ್ ಕಡಿಮೆ, ಅದಕ್ಕೆ ಈಸ್ಟ್ ಆಹಾರ ಒಂದಿಷ್ಟು ಕೊಡಿ. ನೊರೆ ನಿಲ್ಲಲು ಬಾರ್ಲಿ ಕಡೆಯಿಂದ ಐದಾರು ಕೆಜಿ ಕಳೆದು ಗೋಧಿ ಮಾಲ್ಟ್ ಹಾಕಿ. ಗ್ರಾವಿಟಿ (ಸಾಂದ್ರತೆ, ನೀರಿನದು 1000) 1046ರಿಂದ ಶುರುವಾಗಿ 1010ಕ್ಕೆ ನಿಲ್ಲುತ್ತದೆ, 4.7 ಪರ್ಸೆಂಟ್ ಆಲ್ಕೋಹಾಲ್.

ರಾಗಿ ಹಾಕಿದರೆ ದುಡ್ಡು ಉಳಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. 2024-25ರಲ್ಲಿ ರಾಗಿ ಬೆಂಬಲ ಬೆಲೆ ಕ್ವಿಂಟಲಿಗೆ 4290 ರೂಪಾಯಿ ಇತ್ತು, ಅಂದರೆ ಕೆಜಿಗೆ 43. ಜರ್ಮನಿಯ ಪಿಲ್ಸ್ನರ್ ಮಾಲ್ಟ್ ಆಗ ನಮಗೆ 130ರ ಹತ್ತಿರ ಬೀಳುತ್ತಿತ್ತು. ಕಾಗದದ ಮೇಲೆ ಭಾರಿ ಲಾಭ. ಆದರೆ ಮೊಳಕೆ ಕೂಲಿ, ಡ್ರೈಯರ್ ಬಾಡಿಗೆ, ಗಿರಣಿ, ಕುದಿಸುವ ಗ್ಯಾಸು, ಮೂರು ನಾಲ್ಕು ಗಂಟೆ ಜಾಸ್ತಿ ಕೆಲಸ ಎಲ್ಲ ಕಳೆದರೆ ಬ್ಯಾಚಿಗೆ ಎರಡು ಸಾವಿರ ಉಳಿದರೆ ಪುಣ್ಯ. ನನಗೆ ದುಡ್ಡು ಬಂದದ್ದು ಜನವರಿಯ ಖಾಲಿ ಟೇಬಲ್ ತುಂಬಿದ್ದರಿಂದ.

ಹಬ್ಬವನ್ನು ನಮ್ಮ ಅಂಗಳದಲ್ಲೇ ಮಾಡಿದೆವು. ಮೈಕ್ರೋ ಬ್ರೂವರಿ ಬಿಯರನ್ನು ಬಾಟಲಿಗೆ ತುಂಬಿ ಅಂಗಡಿಗೆ ಕಳಿಸುವ ಹಾಗಿಲ್ಲ, ಜನ ನಮ್ಮ ಹತ್ತಿರವೇ ಬರಬೇಕು. ಹಾಗಾಗಿ ಸಂಕ್ರಾಂತಿ ವಾರಾಂತ್ಯ ಸೇರಿಸಿ ನಾಲ್ಕು ದಿನ. ಟ್ಯಾಪಲ್ಲಿ ರಾಗಿ, ಕೊಡಗಿನ ಕಾಫಿ ಸ್ಟೌಟ್ (ಕಪ್ಪು ಬಿಯರ್), ಬೆಲ್ಲದ ಏಲ್, ಮಾಮೂಲಿ ವೀಟ್. ಅಡುಗೆಮನೆಯಿಂದ ಅವರೆಬೇಳೆ ಹುರಿದಿದ್ದು, ಅವರೆಕಾಳು ಉಸ್ಲಿ, ನಿಪ್ಪಟ್ಟು. ವಿ.ವಿ. ಪುರಂ ಅವರೆ ಮೇಳಕ್ಕೆ ಹೋಗಿ ಬಂದವರು ಸಂಜೆ ನಮ್ಮಲ್ಲಿಗೂ ಬಂದರು. 500 ಲೀಟರ್ ರಾಗಿ ಮೂರನೇ ದಿನ ಮಧ್ಯಾಹ್ನಕ್ಕೇ ಖಾಲಿ. ನಾಲ್ಕನೇ ದಿನ ಬಂದವರು ಬೈದರು. ಡಾರ್ಜಿಲಿಂಗ್ ಕಡೆಯ ಹುಡುಗನೊಬ್ಬ ಕುಡಿದು, ನಮ್ಮ ಊರಲ್ಲಿ ಇದೇ ಕಾಳಿನಿಂದ ತೋಂಗ್ಬಾ ಮಾಡುತ್ತೇವೆ, ಬಿದಿರಿನ ಪಾತ್ರೆಯಲ್ಲಿ ಬಿಸಿನೀರು ಹೊಯ್ದು ಕುಡಿಯುತ್ತೇವೆ ಅಂದ. ಅದನ್ನೂ ಸಣ್ಣ ಬಕೆಟ್ಟಲ್ಲಿ ಮಾಡಿ ನೋಡಿದೆ. ಚೆನ್ನಾಗಿತ್ತು, ಆದರೆ ಮೆನುವಿನಲ್ಲಿ ಇಡುವಂಥದ್ದಲ್ಲ.

ಕಾಫಿ ಸ್ಟೌಟ್‌ಗೆ ಒಂದು ಮಾತು. ಪುಡಿ ಮಾಡಬೇಡಿ. ಹುರಿದ ಬೀಜವನ್ನು ಹಾಗೇ ತಣ್ಣನೆ ಬಿಯರಲ್ಲಿ ಒಂದು ದಿನ ನೆನೆಸಿ ತೆಗೆಯಿರಿ. ಎರಡು ವಾರದೊಳಗೆ ಮಾರಿ ಮುಗಿಸಿ. ಆಮೇಲೆ ಕೆಲವೊಮ್ಮೆ ದಪ್ಪ ಮೆಣಸಿನಕಾಯಿ ವಾಸನೆ ಬರುತ್ತದೆ.

ಗೆದ್ದ ಹುರುಪಿನಲ್ಲಿ ಕಡಲೆಕಾಯಿ ಪರಿಷೆಗೂ ಒಂದು ಬಿಯರ್ ಮಾಡಲು ಹೊರಟೆ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಜಾತ್ರೆ, ನಮ್ಮಲ್ಲಿ ಕಡಲೆಕಾಯಿ ಸ್ಟೌಟ್. ಕೇಳಲು ಚಂದ. ಎಣ್ಣೆ ನೊರೆಯನ್ನು ಕೊಂದೇ ಹಾಕುತ್ತದೆ, ಗ್ಲಾಸಲ್ಲಿ ಕಷಾಯ ಇಟ್ಟ ಹಾಗೆ ಕಾಣುತ್ತಿತ್ತು. ಎಣ್ಣೆ ತೆಗೆದ ಹಿಂಡಿ ಹಾಕಿ ನೋಡಿದೆ, ಅದರಲ್ಲೂ ಎಣ್ಣೆ ಉಳಿದೇ ಇರುತ್ತದೆ. ಜೊತೆಗೆ ಕಡಲೆಕಾಯಿ ಅಲರ್ಜಿ ಇರುವವರಿಗೆ ಎಚ್ಚರಿಕೆ ಬೋರ್ಡ್, ಬೇರೆ ಲೈನು, ಬೇರೆ ಗ್ಯಾಸ್ಕೆಟ್. ಕೈಬಿಟ್ಟೆ. ಮಾವಿನ ಬಿಯರ್ ಮಾತ್ರ ಪ್ರತಿ ಮೇ ತಿಂಗಳು ಹೋಗುತ್ತದೆ. ಬರೀ ಬಾದಾಮಿ ಮಾವು ಹಾಕುವವರಿಗೆ ಹೇಳುವುದು ಇಷ್ಟೇ: ಅದರ ಸಕ್ಕರೆಯೆಲ್ಲ ಈಸ್ಟ್ ತಿಂದು ಮುಗಿಸಿದ ಮೇಲೆ ಉಳಿಯುವುದು ಕಮ್ಮಿ, ದುಡ್ಡು ದಂಡ. ಶ್ರೀನಿವಾಸಪುರದ ತೋತಾಪುರಿಯ ಹುಳಿ ಬಿಯರಲ್ಲಿ ನಿಲ್ಲುತ್ತದೆ. ಅದಕ್ಕೆ ಇನ್ನೊಂದು ತಳಿ ಬೆರೆಸುತ್ತೇನೆ, ಯಾವುದು ಅಂತ ಕೇಳಬೇಡಿ.

ಹೋದ ಸಂಕ್ರಾಂತಿಗೆ ರಾಗಿ ಮೂರು ಬ್ಯಾಚ್ ಇಳಿಸಿದೆವು, ಜನವರಿ ಮುಗಿಯುವ ಹೊತ್ತಿಗೆ ಎಲ್ಲ ಹೋಯಿತು. 330 ಎಂಎಲ್ ಗ್ಲಾಸಿಗೆ 290 ಇಟ್ಟಿದ್ದೆವು, ವೀಟ್‌ಗಿಂತ 30 ಜಾಸ್ತಿ. ಯಾರೂ ಗೊಣಗಲಿಲ್ಲ. ಓನರ್ ಈಗ ಬಂದ ಗೆಸ್ಟುಗಳಿಗೆಲ್ಲ ಇದು ತಮ್ಮದೇ ಐಡಿಯಾ ಅಂತ ಹೇಳುತ್ತಿದ್ದಾರೆ. ಹೇಳಲಿ ಬಿಡಿ, ಇನ್ನೊಂದು ಟ್ಯಾಂಕ್ ಕೊಡಿಸಿದ್ದಾರಲ್ಲ.

ನೀವು ಮಾಡುವುದಾದರೆ ಕಾಳಿಗೆ ಅಂಗಡಿ ಮೇಲೆ ನೆಚ್ಚಿಕೊಳ್ಳಬೇಡಿ. ಹಳೇ ಕಾಳು ಹೊಸ ಕಾಳು ಬೆರೆತಿರುತ್ತದೆ, ಒಂದಷ್ಟು ಮೊಳಕೆಯೇ ಬರಲ್ಲ. ನಾನು ಮಾಗಡಿ ಕಡೆಯ ರೈತರೊಬ್ಬರ ಹತ್ತಿರ ಜಿಪಿಯು-28 ಒಂದೇ ತಳಿ ತೆಗೆದುಕೊಳ್ಳುತ್ತೇನೆ. ಅಕ್ಟೋಬರಲ್ಲೇ ಹೋಗಿ ಮಾತಾಡಿ, ಸ್ವಲ್ಪ ಮುಂಗಡ ಕೊಟ್ಟು ಬನ್ನಿ. ಚೀಲ ಬಂದ ದಿನವೇ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. 90ಕ್ಕಿಂತ ಕಡಿಮೆ ಮೊಳೆತರೆ ಆ ಚೀಲವನ್ನು ಗಂಜಿಯ ಕಡೆಗೆ ಹಾಕಿ, ಮಾಲ್ಟ್ ಕಡೆಗೆ ಬೇಡ.