ಪುಕ್ಕಟೆ ಪ್ಲಗಿನ್ ಹಾಕಿ ಪಟ್ಟ ಪಾಡು

ಚಿಕ್ಕಮ್ಮನ ಉಪ್ಪಿನಕಾಯಿ ವ್ಯಾಪಾರಕ್ಕೆ ನಾನೇ ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟುವ ತಂತ್ರಾಂಶ) ಬಳಸಿ ಒಂದು ಸೈಟ್ ಮಾಡಿಕೊಟ್ಟಿದ್ದೆ. ಒಂದು ದಿನ ಫೋನ್ ಮಾಡಿ, "ಏನೋ ಇದು, ಗೂಗಲ್‌ನಿಂದ ಹೋದ್ರೆ ಜೂಜಾಟದ ಪುಟ ಬರ್ತಿದೆ" ಅಂದರು. ನಾನು ಲ್ಯಾಪ್‌ಟಾಪ್‌ನಲ್ಲಿ ನೇರವಾಗಿ ತೆರೆದರೆ ಎಲ್ಲ ಸರಿಯಾಗೇ ಇತ್ತು! ಗೂಗಲ್‌ನಲ್ಲಿ ಹುಡುಕಿಕೊಂಡು ಮೊಬೈಲ್‌ನಿಂದ ಬಂದವರಿಗೆ ಮಾತ್ರ ಈ ಕಾಟ.

ತಪ್ಪು ನನ್ನದೇ. ಫೋಟೊಗಳನ್ನು ಒಂದಾದ ಮೇಲೊಂದು ತೋರಿಸುವ, ದುಡ್ಡು ಕೊಡಬೇಕಾದ ಸ್ಲೈಡರ್ ಪ್ಲಗಿನ್ (ಸೈಟ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಎಲ್ಲೋ ಪುಕ್ಕಟೆ ಸಿಕ್ಕಿತು ಅಂತ ಸುಮ್ನೆ ಹಾಕಿಬಿಟ್ಟಿದ್ದೆ. ಈಗ ಅದರ ಝಿಪ್ ಬಿಚ್ಚಿ, ಕಳ್ಳ ಕೋಡ್ ಅಡಗಿಸಲು ಹೆಚ್ಚಾಗಿ ಬಳಸುವ 'ಇವಾಲ್', 'ಬೇಸ್64 ಡಿಕೋಡ್' ಎಂಬ ಆದೇಶಗಳನ್ನು ಹುಡುಕಿದೆ. ಒಂದು ಫೈಲ್‌ನ ಮೊದಲ ಸಾಲಲ್ಲೇ, ಬಲಕ್ಕೆ ಸ್ಕ್ರೋಲ್ ಮಾಡುತ್ತಾ ಹೋದರೆ, ತಲೆಬುಡವಿಲ್ಲದ ಅಕ್ಷರಗಳ ಉದ್ದ ಬಾಲ. ಜೊತೆಗೆ ನಾನು ಸೇರಿಸದ ಒಬ್ಬ ಅಡ್ಮಿನ್ ಬೇರೆ.

ಪ್ಲಗಿನ್, ಆ ಅಡ್ಮಿನ್ ಎರಡನ್ನೂ ಅಳಿಸಿದೆ. ವರ್ಡ್‌ಪ್ರೆಸ್ ಫೈಲ್‌ಗಳನ್ನು ಹೊಸದಾಗಿ ಹಾಕಿ, ಪಾಸ್‌ವರ್ಡ್‌ಗಳನ್ನೂ ಸಾಲ್ಟ್ ಕೀಗಳನ್ನೂ (ಲಾಗಿನ್ ಕಾಪಾಡುವ ಗುಪ್ತ ಅಕ್ಷರಗಳ ಸಾಲು) ಬದಲಿಸಿದೆ. ಸಾಲ್ಟ್ ಬದಲಾದರೆ ಹಳೆಯ ಲಾಗಿನ್‌ಗಳೆಲ್ಲ ತಾವಾಗಿಯೇ ಕಟ್.

ಈಗ ಯಾವುದೇ ಪ್ಲಗಿನ್ ಹಾಕುವ ಮುಂಚೆ ವರ್ಡ್‌ಪ್ರೆಸ್‌ನ ಅಧಿಕೃತ ಪಟ್ಟಿಯಲ್ಲಿ ಅದರ ಕೊನೆಯ ಅಪ್‌ಡೇಟ್ ಯಾವಾಗ ಅಂತ ಮೊದಲು ನೋಡುತ್ತೇನೆ. ಎಷ್ಟು ಜನ ಬಳಸುತ್ತಾರೆ ಅನ್ನೋದನ್ನು ಜಾಸ್ತಿ ನಂಬಲ್ಲ. 2020ರಲ್ಲಿ ಭದ್ರತೆಯಲ್ಲಿ ದೊಡ್ಡ ತೂತು ಸಿಕ್ಕಿದ ಫೈಲ್ ಮ್ಯಾನೇಜರ್ ಪ್ಲಗಿನ್ 7 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿತ್ತು ಅಲ್ವಾ? ಆಮೇಲೆ ಇಂಥ ತೂತುಗಳ ಪಟ್ಟಿ ಇಡುವ ಡಬ್ಲ್ಯೂಪಿಸ್ಕ್ಯಾನ್, ಪ್ಯಾಚ್‌ಸ್ಟ್ಯಾಕ್ ಸೈಟ್‌ಗಳಲ್ಲಿ ಪ್ಲಗಿನ್ ಹೆಸರು ಹುಡುಕುತ್ತೇನೆ. ಹಳೆಯ ತೂತು ಇದ್ದರೆ ಹೆದರುವುದಿಲ್ಲ, ಬೇಗ ಮುಚ್ಚಿದ್ದರೆ ಒಳ್ಳೆಯ ಲಕ್ಷಣವೇ. ಮುಚ್ಚದೇ ಬಿಟ್ಟಿದ್ದರೆ ಅದರ ಸಹವಾಸವೇ ಬೇಡ.

ಸ್ಲೈಡರ್ ಮತ್ತೆ ಹಾಕಲಿಲ್ಲ. ಆ ಜಾಗದಲ್ಲಿ ಮಾವಿನಮಿಡಿ ಭರಣಿಯ ಒಂದೇ ಫೋಟೊ ಇದೆ. ಚಿಕ್ಕಮ್ಮನಿಗೆ ಇದೇ ಇಷ್ಟವಂತೆ.