ಗುಕೇಶ್–ಡಿಂಗ್ 14ನೇ ಆಟ: ಕೊನೆಯಿಂದ ಹಿಂದಕ್ಕೆ ಬಿಡಿಸಿದ ಬಗೆ

2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚೆಸ್ ಚಾಂಪಿಯನ್‌ಶಿಪ್‌ನ ಕೊನೆಯ ಆಟ. ಅಂಕ 6.5–6.5. ಬಿಳಿ ಡಿಂಗ್ ಲಿರೆನ್, ಕಪ್ಪು ಗುಕೇಶ್. ಡ್ರಾ ಆಗಿದ್ದರೆ ಮರುದಿನ ಟೈಬ್ರೇಕ್, ಅಂದರೆ ಸಮಬಲ ಮುರಿಯುವ ವೇಗದ ಆಟಗಳು. ಈ ಆಟವನ್ನು ಮೊದಲ ನಡೆಯಿಂದ ನೋಡುತ್ತ ಹೋದರೆ 55ನೇ ನಡೆ ಮುಟ್ಟುವಷ್ಟರಲ್ಲಿ ತಲೆ ಸೋತಿರುತ್ತದೆ. ಹಾಗಾಗಿ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಚೆಸ್ ತಂತ್ರಾಂಶ) ಮುಚ್ಚಿ, ಮಣೆಯ ಮೇಲೆ ಕೊನೆಯಿಂದ ಶುರು ಮಾಡಿದೆ.

ಮೊದಲು 58ನೇ ನಡೆಯ ನಂತರದ ಸ್ಥಿತಿ (ಮನೆಯ ಹೆಸರಿನಲ್ಲಿ ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು). ಬಿಳಿ ರಾಜ ಇ3, ಕಪ್ಪು ರಾಜ ಇ5, ಕಾಲಾಳುಗಳು ಕಪ್ಪಿಗೆ ಎರಡು, ಬಿಳಿಗೆ ಒಂದು. ರಾಜರು ಎದುರುಬದುರು, ನಡುವೆ ಒಂದೇ ಮನೆ, ಸರದಿ ಬಿಳಿಯದು. ಡಿಂಗ್ ಅಲ್ಲೇ ಆಟ ಬಿಟ್ಟುಕೊಟ್ಟರು. ಇಲ್ಲಿ ಎರಡೂ ಕಡೆಯಿಂದ ಆಡಿ ನೋಡದೆ ಮುಂದಿನ ಹಂತಕ್ಕೆ ಹೋಗಬಾರದು. ಕಾಲಾಳಿನ ಎಂಡ್‌ಗೇಮ್ (ರಾಜರು, ಕಾಲಾಳುಗಳು ಮಾತ್ರ ಉಳಿದ ಕೊನೆಯ ಹಂತ) ಯಾಕೆ ಸೋಲು ಅಂತ ಕೈಗೆ ಗೊತ್ತಾಗಬೇಕು.

ಆಮೇಲೆ ಒಂಟೆಗಳನ್ನು ಇಟ್ಟೆ. ಬಿಳಿ ಒಂಟೆ ಎ8ರ ಮೂಲೆಯಲ್ಲಿ. ಮೂಲೆಯ ಒಂಟೆಗೆ ಇರುವುದು ಒಂದೇ ಓರೆಸಾಲು. ಕಪ್ಪು ಒಂಟೆ ಡಿ5ಕ್ಕೆ ಬಂದು ರಾಜನ ಬೆಂಬಲದಲ್ಲಿ ಕೂತರೆ ಆ ಸಾಲೇ ಮುಚ್ಚಿಹೋಗುತ್ತದೆ, ಅದಲುಬದಲು ತಪ್ಪುವುದಿಲ್ಲ. ಅದೇ ಒಂಟೆಯನ್ನು ಒಂದು ಮನೆ ಸರಿಸಿ ಬಿ7ರಲ್ಲಿ ಇಟ್ಟು ನೋಡಿ: ಎ6 ಕಡೆಗೆ ಜಾರಿಕೊಳ್ಳಬಹುದು. ಇಡೀ ಆಟದ ಗುಟ್ಟು ಆ ಒಂದು ಮನೆಯಲ್ಲಿದೆ. (ಮಣೆ ಅಡ್ಡಾದಿಡ್ಡಿ ಇಟ್ಟವರಿಗೆ ಇಲ್ಲೇ ಗೊತ್ತಾಗುತ್ತದೆ: ಎ8 ಬಿಳಿ ಮನೆ, ಎರಡೂ ಒಂಟೆಗಳು ಬಿಳಿ ಮನೆಯವೇ.)

ಕೊನೆಗೆ ಆನೆಗಳು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಅದಲುಬದಲಿಗೆ ಕರೆದರು. ಕಾಯಿ ಕಡಿಮೆ ಆದಷ್ಟೂ ಡ್ರಾ ಹತ್ತಿರ ಅನ್ನುವ ಲೆಕ್ಕ ಸಾಮಾನ್ಯವಾಗಿ ಸರಿಯೇ. ಎರಡನೇ ಅದಲುಬದಲು ಬಲವಂತವಾಗಿ ಬರುವಾಗ ಮಾತ್ರ ಅದು ಕೈಕೊಡುತ್ತದೆ. ಆನೆ ಉಳಿದಿದ್ದರೆ ಬಿಳಿ ತಾಳಿಕೊಳ್ಳುತ್ತಿತ್ತು.

ಎಂಜಿನ್ ತೆರೆದಿಟ್ಟು ನೋಡಿದರೆ, ಯಾರು ಮುಂದಿದ್ದಾರೆ ಎಂದು ತೋರಿಸುವ ಪಟ್ಟಿ ತಟ್ಟನೆ ಕಪ್ಪಿನ ಕಡೆ ಜಿಗಿದು, ಇದು ಹುಡುಗಾಟದ ತಪ್ಪು ಅನ್ನಿಸಿಬಿಡುತ್ತದೆ. ಆದರೆ ಗುಕೇಶ್‌ಗೂ ಅದು ತಕ್ಷಣ ಕಾಣಲಿಲ್ಲ; ಮೊದಲಿಗೆ ಆನೆಯನ್ನು ಬಿ3ಕ್ಕೆ ಆಡಲು ಹೊರಟಿದ್ದರು. ಅದಕ್ಕೇ ನಾನು ಈ ಸ್ಥಿತಿಯನ್ನು ಶಿಷ್ಯರ ಮುಂದೆ ಇಡುವಾಗ ‘ಗೆಲುವಿದೆ, ಹುಡುಕು’ ಅನ್ನುವುದಿಲ್ಲ. ಗಡಿಯಾರದಲ್ಲಿ ಹತ್ತು ನಿಮಿಷ, ಪ್ರತಿ ನಡೆಗೆ 30 ಸೆಕೆಂಡು ಸೇರಿಸಿ, ‘ಕಪ್ಪಿನ ಸರದಿ’ ಅಂತಷ್ಟೇ ಹೇಳಿ ಸುಮ್ಮನಾಗುತ್ತೇನೆ.